ಸ್ಟೀವ್ ಎಂಬ ಬೆಳಕು

ಜಾತಕ ನೋಡಿ ಹೆಸರಿಡುವುದು ನಮ್ಮ ಪದ್ಧತಿ. ಕೆನಡಾ ದೇಶದ ಆಲ್ಬರ್ಟಾ ಪ್ರಾಂತದ ಆಕಾಶಪ್ರಿಯರು ಆ ಗೋಜಿಗೆ ಹೋಗಲಿಲ್ಲ.

ಧ್ರುವಪ್ರಭೆ ಅವರಿಗೆ ಹೊಸದಲ್ಲ. ಭೂಮಿಯ ಕಾಂತಬಲದ ಜಾಡು ಹಿಡಿದು ಎಲೆಕ್ಟ್ರಾನುಗಳು ಮಳೆಯಂತೆ ಸುರಿದು, ನೂರು ಕಿಲೋಮೀಟರಿಗೂ ಮೇಲಿರುವ ಆಮ್ಲಜನಕಕ್ಕೆ ಬಡಿದಾಗ ಹೊಮ್ಮುವ ಹಸಿರು ತೆರೆ ಅದು. ಆದರೆ ಅದಕ್ಕೂ ದಕ್ಷಿಣದಲ್ಲಿ, ಪೂರ್ವದಿಂದ ಪಶ್ಚಿಮಕ್ಕೆ ಯಾರೋ ಗೀಟೆಳೆದ ಹಾಗೆ, ತೆಳ್ಳನೆಯ ನಸುನೇರಳೆ ಪಟ್ಟಿಯೊಂದು ಆಗಾಗ ಕಾಣುತ್ತಿತ್ತು. ಅದನ್ನು ಅವರು 'ಪ್ರೋಟಾನ್ ಕಮಾನು' ಎನ್ನುತ್ತಿದ್ದರು. ಪ್ರೋಟಾನುಗಳ ಪ್ರಭೆ ಬರಿಗಣ್ಣಿಗೆ ಕಾಣುವಂಥದಲ್ಲವೆಂದು ಕ್ಯಾಲ್ಗರಿಯ ವಿಜ್ಞಾನಿ ಎರಿಕ್ ಡೋನೊವನ್ ಹೇಳಿದರು. ಹಾಗಾದರೆ ಇದೇನು? ಯಾರಿಗೂ ತಿಳಿಯದು. 2016ರಲ್ಲಿ ಅದಕ್ಕೆ 'ಸ್ಟೀವ್' ಎಂದು ಹೆಸರಾಯಿತು! ಮಕ್ಕಳ ಚಲನಚಿತ್ರವೊಂದರಲ್ಲಿ, ಚಳಿಗಾಲದ ನಿದ್ರೆಯಿಂದೆದ್ದ ಕಾಡುಪ್ರಾಣಿಗಳು ಎದುರಿಗಿದ್ದ ಬೇಲಿಯನ್ನು ಕಂಡು ಬೆದರಿ, ಹೆಸರೊಂದಿದ್ದರೆ ಹೆದರಿಕೆ ತಗ್ಗೀತೆಂದು ಅದನ್ನು ಸ್ಟೀವ್ ಎಂದು ಕರೆಯುತ್ತವೆ. ಕತ್ತಲಲ್ಲಿ ಸದ್ದಾದರೆ "ಬೆಕ್ಕಿರಬೇಕು" ಎಂದು ಗಟ್ಟಿಯಾಗಿ ಹೇಳಿಕೊಳ್ಳುವ ನನಗೆ ಇದು ಬಹಳ ಹಿಡಿಸಿತು.

ಸ್ಟೀವನ ಗುಣಾವಗುಣಗಳನ್ನು ಅಳೆದದ್ದು ಉಪಗ್ರಹಗಳು. ಐರೋಪ್ಯರ 'ಸ್ವಾರ್ಮ್' ಉಪಗ್ರಹ ಆ ಪಟ್ಟಿಯನ್ನೇ ಸೀಳಿಕೊಂಡು ಹೋಗಿತ್ತು. 300 ಕಿಲೋಮೀಟರ್ ಎತ್ತರದಲ್ಲಿ ಉಷ್ಣತೆ ಒಮ್ಮೆಗೇ 3000 ಡಿಗ್ರಿ ಏರಿತ್ತು. 25 ಕಿಲೋಮೀಟರ್ ಅಗಲದ ಅನಿಲದ ಹೊಳೆ ಸೆಕೆಂಡಿಗೆ ಸುಮಾರು 6 ಕಿಲೋಮೀಟರ್ ವೇಗದಲ್ಲಿ ಪಶ್ಚಿಮಕ್ಕೆ ಹರಿಯುತ್ತಿತ್ತು. ಇಷ್ಟು ಅಬ್ಬರವಿದ್ದ ಮೇಲೆ ಕಣಗಳ ಮಳೆಯೂ ಇರಲೇಬೇಕಷ್ಟೆ? 2008ರ ಮಾರ್ಚ್ 28ರ ರಾತ್ರಿ ಅಮೆರಿಕದ ಹವಾಮಾನ ಉಪಗ್ರಹವೊಂದು ಸ್ಟೀವನ ಮೇಲೆ ಹಾದುಹೋಗಿತ್ತು. ಅದರಲ್ಲಿ ಕಣಗಳನ್ನು ಎಣಿಸುವ ಉಪಕರಣವಿತ್ತು. ಹತ್ತು ವರ್ಷಗಳ ಮೇಲೆ, 2018ರಲ್ಲಿ, ಆ ಹಳೆಯ ಲೆಕ್ಕವನ್ನು ತೆಗೆದು ನೋಡಿದರೆ, ಬೆಳಕಿದ್ದ ಕಡೆ ಮಳೆಯೇ ಇಲ್ಲ! ಎಂದಮೇಲೆ ಇದು ಧ್ರುವಪ್ರಭೆಯೇ ಅಲ್ಲ, ಬೇರೆ ಬಗೆಯ ಆಕಾಶದ ಹೊಳಪು ಎಂದರು ಪಂಡಿತರು.

'ಪ್ರೋಟಾನ್ ಕಮಾನು' ಎಂಬ ಗಂಭೀರವಾದ ಹೆಸರು ಸುಳ್ಳಾಯಿತು. ಏನನ್ನೂ ತಿಳಿದಂತೆ ನಟಿಸದಿದ್ದ ಸ್ಟೀವ್ ಮಾತ್ರ ಉಳಿದುಕೊಂಡ. ಆದರೂ ವಿದ್ವತ್ಸಭೆಗೆ ಈ ಮನೆಯ ಹೆಸರು ಸಾಲದೆಂದು ಯಾರಿಗೋ ತೋರಿರಬೇಕು. ಅದರ ಒಂದೊಂದು ಅಕ್ಷರಕ್ಕೂ ಒಂದೊಂದು ದೊಡ್ಡ ಪದ ಹುಡುಕಿ, ಬಲವಾದ ಉಷ್ಣದ ಹೊಳಪು, ವೇಗದ ಏರಿಕೆ ಎಂದೆಲ್ಲ ಅರ್ಥ ಬರುವಂತೆ ಹಿಗ್ಗಿಸಿದ್ದಾರೆ. ಹೆಸರಿಟ್ಟಾದ ಮೇಲೆ ಜಾತಕ ಬರೆದ ಹಾಗೆ! ಆ ನೇರಳೆ ಬಣ್ಣ ಯಾವ ಅನಿಲದಿಂದ ಹೇಗೆ ಹುಟ್ಟುತ್ತದೆಂಬ ವಾದ ಇನ್ನೂ ಮುಗಿದಿಲ್ಲ.