ಆಳದ ಜೀವಿಗಳೂ ಅಹಿಂಸಾಣುವ್ರತವೂ

ಹಾನಗಲ್ಲಿನ ನಮ್ಮ ಮನೆಯ ಬಾವಿಯ ನೀರನ್ನು ತಾಯಿಯವರು ಎರಡು ಪದರಿನ ಬಟ್ಟೆಯಲ್ಲಿ ಸೋಸುತ್ತಿದ್ದರು. ಬಟ್ಟೆಯಲ್ಲಿ ನಿಂತ ಜೀವಿಗಳನ್ನು ಸೋಸಿದ ನೀರಿನಿಂದಲೇ ತೊಳೆದು, ತಳಕ್ಕೂ ಬಳೆಯಿದ್ದ ತಾಮ್ರದ ತಂಬಿಗೆಯಲ್ಲಿ ಅದೇ ಬಾವಿಗೆ ಮರಳಿಸುವುದು ಬಾಲಕನಾದ ನನ್ನ ಕೆಲಸ. ಒಮ್ಮೆ ಅವಸರದಲ್ಲಿ ಕಟ್ಟೆಯಿಂದಲೇ ಸುರಿದೆ. "ಮ್ಯಾಲಿಂದ ಸುರೀಬ್ಯಾಡೋ ತಮ್ಮಾ, ನೀರು ಮುಟ್ಟೂತನಕಾ ಇಳಿಸು" ಎಂದರು.

ಆಳಸಮುದ್ರದ ಜೀವಿಗಳನ್ನು ಗಾಜಿನ ತೊಟ್ಟಿಯಲ್ಲಿ ಸಾಕುವುದನ್ನು ಮೊಮ್ಮಗ ತೋರಿಸಿದಾಗ ಆ ಮಾತು ನೆನಪಾಯಿತು. ಕಡಲಲ್ಲಿ ಪ್ರತಿ 10 ಮೀಟರಿಗೆ, ನೆಲದ ಮೇಲಿನ ಗಾಳಿಯಷ್ಟು ಒತ್ತಡ ಏರುತ್ತದೆ. 1000 ಮೀಟರಿನಲ್ಲಿ ಸುಮಾರು ನೂರು ಪಟ್ಟು. ಅದನ್ನು ಕಳೆದರೆ ಜೀವಿ ಒಡೆದೇ ಹೋಗುವುದೆಂದು ತಿಳಿದಿದ್ದೆ. ಗಾಳಿಚೀಲವುಳ್ಳ ಮೀನುಗಳಿಗೆ ಆ ಗತಿ. ದೇಹದಲ್ಲಿ ಗಾಳಿಯಿಲ್ಲದ ಅನೇಕ ಜೀವಿಗಳು ನೀರು ತಣ್ಣಗಿದ್ದು ಕತ್ತಲೆಯಿದ್ದರೆ ಮೇಲೆಯೂ ಬದುಕುತ್ತವೆ. ಇನ್ನು ಕೆಲವಕ್ಕೆ ಒತ್ತಡವೇ ಆಧಾರ. ಫ್ರಾನ್ಸಿನ ಬ್ರೆಸ್ಟ್ ನಗರದ ಓಸಿಯಾನೋಪೊಲಿಸ್‌ನಲ್ಲಿ 2012ರಲ್ಲಿ ಅಂಥವಕ್ಕಾಗಿ 1800 ಮೀಟರ್ ಆಳದ ಒತ್ತಡವಿರುವ ತೊಟ್ಟಿಯನ್ನು ಪ್ರದರ್ಶಿಸಿದರು.

ತತ್ತ್ವಾರ್ಥಸೂತ್ರವು ಅಹಿಂಸಾಣುವ್ರತಕ್ಕೆ ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧವೆಂಬ ಐದು ಅತಿಚಾರಗಳನ್ನು ಹೇಳುತ್ತದೆ. ಎತ್ತಿನ ಗಾಡಿಗೆ ಮೂಟೆ ಎಣಿಸಿ ಹೇರಿಸಿದ ವ್ಯಾಪಾರಿ ನಾನು. ಭಾರ ಇಳಿಸುವುದೂ ಹಿಂಸೆಯಾದೀತೆಂದು ಹೊಳೆದಿರಲಿಲ್ಲ.

ಜಪಾನಿನ ಟೋಬಾ ಮತ್ಸ್ಯಾಲಯದಲ್ಲಿ ಮೆಕ್ಸಿಕೋ ಕೊಲ್ಲಿಯ ದೈತ್ಯ ಐಸೊಪಾಡೊಂದು 2009ರ ಜನವರಿಯಲ್ಲಿ ಉಂಡ ಬಳಿಕ ಐದು ವರ್ಷ ಆಹಾರ ಮುಟ್ಟದೆ 2014ರ ಫೆಬ್ರುವರಿಯಲ್ಲಿ ಸತ್ತಿತು. ಸಾಧರ್ಮಿಕರೊಬ್ಬರು ಅದನ್ನು ಉಪವಾಸವೆಂದು ಕೊಂಡಾಡಿದರು. ನಾನೊಪ್ಪೆ. ಉಪವಾಸಕ್ಕೆ ಸಂಕಲ್ಪ ಬೇಕು. ಇಲ್ಲಿ ನಿಶ್ಚಿತವಾಗಿ ಕಾಣುವುದು ಬಂಧವೊಂದೇ.

ಆದರೆ ಪರರ ಅತಿಚಾರವನ್ನು ಎಣಿಸುವ ನಾನು, ಹದಿನೈದು ವರ್ಷಗಳ ಹಿಂದೆ ಬಾವಿಗೆ ಚಪ್ಪಡಿ ಹಾಕಿಸಿ ಕೊಳವೆಬಾವಿ ತೋಡಿಸಿದವನು. ನೀರನ್ನು ಈಗಲೂ ಸೋಸುತ್ತೇವೆ. ಬಟ್ಟೆ ತೊಳೆದ ನೀರನ್ನು ಎಲ್ಲಿಗೆ ಇಳಿಸುವುದು? ನೂರಾರು ಅಡಿಯ ಕೊಳವೆಯಲ್ಲಿ ತಂಬಿಗೆ ಇಳಿಯದು. ಕೆಲವು ದಿನ ಆನಿಕೆರೆಗೆ ಒಯ್ದೆ. ಅದು ಬೇರೆ ನೀರೆಂದು ಪಂಡಿತರೊಬ್ಬರು ಆಕ್ಷೇಪಿಸಿದರು, ಯುಕ್ತವೇ. ಶಿಗ್ಗಾಂವಿ, ಸವಣೂರಿನ ನಮ್ಮ ಬಂಧುಗಳಿಗೂ ಇದೇ ತೊಡಕು. ಹಿರೇಕೆರೂರಿನ ಬೀಗರು ಮಾತ್ರ ತೆರೆದ ಬಾವಿಯನ್ನು ಉಳಿಸಿಕೊಂಡಿದ್ದಾರೆ.

ಚಪ್ಪಡಿ ತೆಗೆಯಲು ಮೇಸ್ತ್ರಿಗೆ ಹೇಳಿದ್ದೇನೆ. ಹೂಳೆತ್ತುವಲ್ಲಿಯೂ ಹಿಂಸೆಯುಂಟೆಂದು ಬಲ್ಲೆ. ಆದರೂ ಕುಡಿಯುವ ನೀರನ್ನಾದರೂ ಅಲ್ಲಿಂದಲೇ ಸೇದುವ ಇಚ್ಛೆ. ತಾಯಿಯವರ ತಂಬಿಗೆ ಅಟ್ಟದ ಮೇಲೆ ಸಿಕ್ಕಿತು. ತಳದ ಬಳೆ ಕಳಚಿದೆ, ಬೆಸೆಯಲು ಕೊಟ್ಟಿದ್ದೇನೆ.