ಏಳಲಾರದ ಬಾಲಕನಿಂದ ಕಲಿತ ಪಾಠ

ಬಹಳ ವರ್ಷಗಳ ಹಿಂದಿನ ಮಾತು. ನಾನು ಪಾಠ ಹೇಳುತ್ತಿದ್ದ ಐದನೆಯ ತರಗತಿಯಲ್ಲಿ ಕುಣಿಗಲ್ ಕಡೆಯ ಬಾಲಕನೊಬ್ಬನಿದ್ದನು. ಉಳಿದವರೆಲ್ಲ ಎದ್ದು ನಮಸ್ಕರಿಸಿದ ಮೇಲೆಯೂ ಅವನು ತೊಡೆಗಳ ಮೇಲೆ ಕೈಯೂರಿ ಮೆಲ್ಲಮೆಲ್ಲನೆ ಏಳುತ್ತಿದ್ದನು. ಆಲಸ್ಯವೆಂದು ಬಗೆದೆನು. ಗುಬ್ಬಿಯ ಗರಡಿಯಲ್ಲಿ ಸಾಮು ಮಾಡಿ ಬೆಳೆದವನು ನಾನು; ದಿನವೂ ಬಸ್ಕಿ ಹೊಡೆಯೆಂದು ಆಜ್ಞಾಪಿಸಿದೆನು. ಮಗನಿಗೆ ಡುಶೆನ್ ಸ್ನಾಯುಕ್ಷಯವಿದೆಯೆಂದು ಅವನ ತಂದೆಯವರು ತುಮಕೂರಿಗೆ ಬಂದು ತಿಳಿಸಿದಂದಿನಿಂದ ಆ ಆಜ್ಞೆ ನನ್ನನ್ನೇ ಇರಿಯುತ್ತಿದೆ.

ಆಮೇಲೆ ಓದಿ ತಿಳಿದೆನು. ಮಾಂಸತಂತುವಿನ ಮಗ್ಗುಲಲ್ಲಿ ಮೂಲಕೋಶಗಳು ಮಲಗಿರುತ್ತವೆ; 1961ರಲ್ಲಿ ಅಲೆಕ್ಸಾಂಡರ್ ಮೌರೋ ಅವನ್ನು ಕಪ್ಪೆಯ ಮಾಂಸಖಂಡದಲ್ಲಿ ಗುರುತಿಸಿದರು. ತಂತುವಿಗೆ ಗಾಯವಾದಾಗ ಅವು ಎಚ್ಚೆತ್ತು, ಹೆಚ್ಚಿ, ಒಂದಾಗಿ ಬೆಸೆದು ಹೊಸ ತಂತುವಾಗುತ್ತವೆ. ಬೆಂಗಳೂರಿನ ಇನ್‌ಸ್ಟೆಮ್ ಸಂಸ್ಥೆಯಲ್ಲಿಯೂ ಇವುಗಳ ಅಧ್ಯಯನ ನಡೆದಿದೆ. 2015ರಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದವರು ಮಾನವಕೋಶಗಳನ್ನು ಮೆತ್ತನೆಯ ಜೆಲ್‌ನಲ್ಲಿ ಬೆಳೆಸಿ, ಮಿಡಿಯುವ ಮಾಂಸಖಂಡವನ್ನು ಪಡೆದರು. ತುದಿಗಳನ್ನು ಬಿಗಿದು, ವಿದ್ಯುತ್ ಸ್ಪಂದನದಿಂದ ದುಡಿಸಿದರೆ ಅಂಥ ಮಾಂಸಖಂಡ ಬಲಿಯುತ್ತದೆ. ಗರಡಿಯ ನ್ಯಾಯವೇ ಅಲ್ಲಿಯೂ!

ಆದರೆ ಡಿಸ್ಟ್ರೋಫಿನ್ ಎಂಬ ಪ್ರೋಟೀನಿಲ್ಲದ ತಂತು ಶ್ರಮಕ್ಕೆ ಹರಿಯುತ್ತದೆ. ಮೂಲಕೋಶಗಳು ದುರಸ್ತಿ ಮಾಡಿ ಮಾಡಿ ಸೋಲುತ್ತವೆ. ಆ ಬಾಲಕನಿಗೆ ಬಸ್ಕಿಯೆಂಬುದು ಬಲವಲ್ಲ, ಗಾಯ. ಗಾಜಿನ ತಟ್ಟೆಯ ಮಾಂಸಖಂಡವನ್ನು ಅವನ ಕಾಲಿಗೆ ಜೋಡಿಸಲು ಇಂದಿಗೂ ಬಾರದು. ರೋಗಿಯ ಮೈಗೆ ಮುನ್ನ ಔಷಧವನ್ನು ಅದರ ಮೇಲೆ ಪರೀಕ್ಷಿಸಬಹುದು. ಅಷ್ಟೇ ಆದರೂ ಅದು ಆಸೆಯ ಬೀಜ.

ಅಧ್ಯಾಪಕ ಬಂಧುಗಳಲ್ಲಿ ನನ್ನ ಬಿನ್ನಹವಿಷ್ಟೆ: ಏಳದ ಮಗುವನ್ನು ಗದರಿಸುವ ಮುನ್ನ, ಏಕೆ ಏಳಲಾರೆಯೆಂದು ಕೇಳಿರಿ. ನಾನು ಕೇಳಲಿಲ್ಲ.