ಕಡಲಾಚೆಯಿಂದ ಬಂದ ಐದು ಹಾಡುಗಳು

ಚೀನಾದ ಆಗ್ನೇಯ ಕರಾವಳಿಯಲ್ಲಿರುವ ಷಿಯಾಮೆನ್ ಪಟ್ಟಣದ ಶಾಲಾ ಶಿಕ್ಷಕಿಯೊಬ್ಬಳ ಮನೆಯಲ್ಲಿ ಕೆಂಪು ಪ್ಲಾಸ್ಟಿಕ್ ಹೊದಿಕೆಯ ಹಳೆಯ ನೋಟ್‌ಬುಕ್ಕೊಂದಿದೆ. ಮುಂದಿನಿಂದ ತೆರೆದರೆ ರಸಾಯನಶಾಸ್ತ್ರದ ಸಮೀಕರಣಗಳು. ಹಿಂದಿನಿಂದ ತೆರೆದರೆ ಹಾಡುಗಳು. ಹೈಸ್ಕೂಲು ದಿನಗಳಲ್ಲಿ ಕೇಳಿ ಕೇಳಿ, ನಿಲ್ಲಿಸಿ ನಿಲ್ಲಿಸಿ ಬರೆದುಕೊಂಡದ್ದು. ಅವುಗಳಲ್ಲಿ ಐದು ಹಾಡುಗಳ ಮುಂದೆ ನಕ್ಷತ್ರದ ಗುರುತಿದೆ. ಐದೂ ಒಬ್ಬಳೇ ಗಾಯಕಿಯವು. ಹೊರಜಗತ್ತಿಗೆ ಟೆರೆಸಾ ಟೆಂಗ್, ಚೀನೀಯರಿಗೆ ಡೆಂಗ್ ಲಿಜುನ್.

ಟೆರೆಸಾ ಹುಟ್ಟಿದ್ದು 1953ರ ಜನವರಿ 29ರಂದು, ತೈವಾನ್‌ನ ಯುನ್‌ಲಿನ್ ಜಿಲ್ಲೆಯಲ್ಲಿ. ಅಂತರ್ಯುದ್ಧದಲ್ಲಿ ಸೋತ ಸೈನ್ಯದೊಂದಿಗೆ ಚೀನಾದಿಂದ ತೈವಾನ್ ಸೇರಿದ್ದ ಸೈನಿಕನೊಬ್ಬನ ಮಗಳು. ಹದಿಹರೆಯದಲ್ಲೇ ಶಾಲೆ ಬಿಟ್ಟು ಹಾಡುವುದನ್ನೇ ವೃತ್ತಿ ಮಾಡಿಕೊಂಡಳು. ಮ್ಯಾಂಡರಿನ್ ಮಾತ್ರವಲ್ಲದೆ ಕ್ಯಾಂಟನೀಸ್, ಜಪಾನೀಸ್, ಇಂಡೋನೇಷಿಯನ್ ಭಾಷೆಗಳಲ್ಲೂ ಹಾಡಿದಳು. ಆದರೆ ತಂದೆತಾಯಿ ಹುಟ್ಟಿದ ನೆಲದಲ್ಲಿ ಒಂದೇ ಒಂದು ಸಾರ್ವಜನಿಕ ಕಛೇರಿಯನ್ನೂ ಆಕೆ ನೀಡಲಿಲ್ಲ.

ಷಿಯಾಮೆನ್‌ನ ಹುಡುಗಿಗೆ ಆ ದನಿ ಮೊದಲು ಕೇಳಿಸಿದ್ದು 1979ರಲ್ಲಿ. ಆಗ ಅವಳಿಗೆ ಹದಿನೈದು ವರ್ಷ. ಪಟ್ಟಣದ ಎದುರಿಗೆ, ಕೆಲವೇ ಕಿಲೋಮೀಟರ್ ನೀರಿನ ಆಚೆಗೆ, ತೈವಾನ್ ಆಡಳಿತದಲ್ಲಿರುವ ಕಿನ್‌ಮೆನ್ ದ್ವೀಪವಿದೆ. 1958ರಲ್ಲಿ ಆರಂಭವಾದ ಫಿರಂಗಿ ದಾಳಿ ಮುಂದೆ ದಿನ ಬಿಟ್ಟು ದಿನದ ಪರಿಪಾಠವಾಗಿ, ಕೊನೆಗೆ ನಿಂತದ್ದು 1979ರ ಜನವರಿ 1ರಂದು. ಫಿರಂಗಿ ಸುಮ್ಮನಾದರೂ ಧ್ವನಿವರ್ಧಕಗಳು ಸುಮ್ಮನಾಗಲಿಲ್ಲ. ದ್ವೀಪದ ಬೇಯ್‌ಷಾನ್ ಎಂಬಲ್ಲಿ 1967ರಲ್ಲಿ ಕಟ್ಟಿದ ಕಾಂಕ್ರೀಟ್ ಗೋಡೆಯಲ್ಲಿ 48 ಧ್ವನಿವರ್ಧಕಗಳು ಚೀನಾದ ಕಡೆಗೆ ಬಾಯ್ದೆರೆದುಕೊಂಡಿದ್ದವು. ಈ ಕಡೆಯಿಂದಲೂ ಅಂಥದೇ ಉತ್ತರ ಹೋಗುತ್ತಿತ್ತು. ಭಾಷಣಗಳ ನಡುವೆ ಹಾಡು ಬರುತ್ತಿತ್ತು.

ಗಾಳಿ ಈ ಕಡೆಗೆ ಬೀಸಿದ ಒಂದು ರಾತ್ರಿ ಹುಡುಗಿ ಕೇಳಿದ್ದು ‘ಪುಟ್ಟ ಊರಿನ ಕಥೆ’. ಅದೇ ಹೆಸರಿನ, 1979ರಲ್ಲೇ ತೆರೆಕಂಡ ತೈವಾನೀ ಚಲನಚಿತ್ರದ ಶೀರ್ಷಿಕೆ ಗೀತೆ. ಅವಳಿಗೆ ಅದೇನೂ ಗೊತ್ತಿರಲಿಲ್ಲ. ಯಾರೋ ಕಿವಿಯ ಪಕ್ಕದಲ್ಲೇ ಕುಳಿತು, ತನ್ನೊಬ್ಬಳಿಗೇ ಏನೋ ಹೇಳುತ್ತಿದ್ದಾರೆ ಎನಿಸಿತು. ಅಲ್ಲಿಯವರೆಗೆ ಅವಳು ಕೇಳಿದ ಹಾಡುಗಳೆಲ್ಲ ನೂರಾರು ಜನ ಒಟ್ಟಿಗೆ ಎದೆಯುಬ್ಬಿಸಿ ಹಾಡುವಂಥವು. ಅವುಗಳಲ್ಲಿ ‘ನಾವು’ ಇರುತ್ತಿತ್ತು. ಈ ದನಿಯಲ್ಲಿ ‘ನಾನು’ ಇತ್ತು.

‘ಕಿಟಕಿ ಮುಚ್ಚು. ಓದಿಕೋ’ ಎಂದರು ಅಪ್ಪ.

ಅಪ್ಪ ಮಾಧ್ಯಮಿಕ ಶಾಲೆಯಲ್ಲಿ ಚೀನೀ ಭಾಷೆಯ ಮೇಷ್ಟ್ರು. ಕೂಗಾಡುವವರಲ್ಲ. ಆದರೆ ಆ ದನಿ ಕೇಳಿದರೆ ಸಾಕು, ಎಲ್ಲಿದ್ದರೂ ಎದ್ದು ಬಂದು ಕಿಟಕಿ ಮುಚ್ಚುತ್ತಿದ್ದರು. ಮಗಳಿಗೆ ಅದು ಮೇಷ್ಟ್ರುಗಳ ಸಹಜ ಸಿಡುಕು ಎನಿಸಿತು.

ಎರಡು ವರ್ಷಗಳಲ್ಲಿ ಕಿಟಕಿ ಮುಚ್ಚಿ ಪ್ರಯೋಜನವಿಲ್ಲದ ಕಾಲ ಬಂತು. ಹಾಂಗ್‌ಕಾಂಗ್‌ನ ನೆಂಟರು ತಂದ ಟೇಪ್‌ರೆಕಾರ್ಡರ್‌ಗಳು ಊರು ಹೊಕ್ಕವು. ಒಂದು ಕ್ಯಾಸೆಟ್‌ನಿಂದ ಇನ್ನೊಂದಕ್ಕೆ, ಅದರಿಂದ ಮತ್ತೊಂದಕ್ಕೆ ನಕಲಾಗುತ್ತಾ ಹೋಗಿ ಕೊನೆಗೆ ಹಾಡಿಗಿಂತ ಗರಗರ ಸದ್ದೇ ಹೆಚ್ಚಾದ ಕ್ಯಾಸೆಟ್‌ಗಳು ಶಾಲಾ ಚೀಲಗಳಲ್ಲಿ ಓಡಾಡಿದವು. ಹಗಲಿನಲ್ಲಿ ದೊಡ್ಡ ಡೆಂಗ್ ಮಾತು ಕೇಳು, ರಾತ್ರಿ ಚಿಕ್ಕ ಡೆಂಗ್ ಹಾಡು ಕೇಳು ಎಂದು ಜನ ಆಗ ತಮಾಷೆ ಮಾಡುತ್ತಿದ್ದರು. ದೊಡ್ಡವರು ದೇಶದ ನಾಯಕ ಡೆಂಗ್ ಷಿಯಾವೊಪಿಂಗ್. ಚಿಕ್ಕವಳು ಈ ಗಾಯಕಿ.

ನೋಟ್‌ಬುಕ್ಕಿನ ಎರಡನೆಯ ಮತ್ತು ಮೂರನೆಯ ನಕ್ಷತ್ರಗಳು ಈ ಕಾಲದವು. ‘ಚಂದ್ರನೇ ನನ್ನ ಮನಸ್ಸಿನ ಸಾಕ್ಷಿ’ ಎಂಬರ್ಥದ ಹಾಡನ್ನು 1973ರಲ್ಲಿ ಬೇರೊಬ್ಬ ಗಾಯಕಿ ಮೊದಲು ಹಾಡಿದ್ದರೂ, 1977ರಲ್ಲಿ ಟೆರೆಸಾ ಹಾಡಿದ ಮೇಲೆ ಅದು ಅವಳದೇ ಆಯಿತು. 1979ರ ‘ಟಿಯೆನ್ ಮಿ ಮಿ’, ಅಂದರೆ ಜೇನಿನಷ್ಟು ಸಿಹಿ, ಇಂಡೋನೇಷಿಯಾದ ದೋಣಿ ಹಾಡೊಂದರ ಮಟ್ಟಿಗೆ ಹೊಸ ಮಾತು ಕೂಡಿಸಿದ್ದು. ಹುಡುಗಿ ಇದನ್ನು ಗುನುಗುತ್ತಲೇ ಲೆಕ್ಕ ಬಿಡಿಸುತ್ತಿದ್ದಳು. ಟೆರೆಸಾ ಸ್ವರವನ್ನು ಎಳೆದಾಡುವುದಿಲ್ಲ, ಗಂಟಲು ಬಿಗಿದು ಏರಿಸುವುದಿಲ್ಲ. ಉಸಿರಿನ ಸದ್ದೂ ಕೇಳುವಷ್ಟು ಮೈಕಿಗೆ ಹತ್ತಿರ ನಿಂತು ಮಾತಿನಷ್ಟೇ ಹಗುರವಾಗಿ ಹಾಡುತ್ತಾಳೆ. ಸುಲಭ ಎನಿಸುತ್ತದೆ. ಹಾಡಲು ಹೋದರೆ ಆ ಹಗುರ ಬರುವುದಿಲ್ಲ.

ನಾಲ್ಕನೆಯ ಹಾಡು ಮನೆಯಲ್ಲಿ ಬಿರುಗಾಳಿ ಎಬ್ಬಿಸಿತು. ‘ಮತ್ತೆ ಯಾವಾಗ ಬರುವಿರಿ’ ಎಂಬರ್ಥದ ಈ ಹಾಡು ಮೂಲತಃ 1937ರಷ್ಟು ಹಳೆಯದು. ಶಾಂಘೈನ ತಾರೆ ಝೌ ಷುವಾನ್ ಸಿನಿಮಾಕ್ಕಾಗಿ ಹಾಡಿದ್ದು. ಟೆರೆಸಾ ಅದಕ್ಕೆ ಮರುಜೀವ ಕೊಟ್ಟಳು. ಬರಬೇಕಾದ ಆ ‘ನೀವು’ ಯಾರು ಎಂಬ ಅನುಮಾನ ಈ ಹಾಡನ್ನು ಹುಟ್ಟಿನಿಂದಲೂ ಬಿಟ್ಟದ್ದಿಲ್ಲ. ಎಂಬತ್ತರ ದಶಕದ ಆರಂಭದಲ್ಲಿ ಚೀನಾದ ವಿಮರ್ಶಕರು ಇದನ್ನು ಕೀಳು ಅಭಿರುಚಿಯ ಹಾಡೆಂದು ಜರೆದರು.

ಕಾಲೇಜು ಪ್ರವೇಶ ಪರೀಕ್ಷೆಗೆ ಇನ್ನು ಎರಡು ತಿಂಗಳಿತ್ತು. 1981ರ ಮೇ ತಿಂಗಳ ಒಂದು ಸಂಜೆ ಅಪ್ಪ ಬಾಗಿಲು ತೆರೆದಾಗ ಗೆಳತಿಯಿಂದ ತಂದ ಕ್ಯಾಸೆಟ್‌ನಲ್ಲಿ ಅದೇ ಹಾಡು ತಿರುಗುತ್ತಿತ್ತು. ಅವರು ಒಂದು ಮಾತೂ ಆಡಲಿಲ್ಲ. ಕ್ಯಾಸೆಟ್ ತೆಗೆದು, ಟೇಪನ್ನೆಲ್ಲ ಹೊರಗೆಳೆದು, ಅಡುಗೆಮನೆಯ ಇದ್ದಿಲ ಒಲೆಗೆ ಹಾಕಿದರು. ಮನೆಯಿಡೀ ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ.

‘ಅದು ನನ್ನದಲ್ಲ ಅಪ್ಪಾ, ವಾಪಸು ಕೊಡಬೇಕು’ ಎಂದಳು ಮಗಳು. ಅಪ್ಪ ತಿರುಗಿ ನೋಡಲಿಲ್ಲ. ಮರುದಿನ ಅವಳ ಪುಸ್ತಕದೊಳಗೆ ಹೊಸ ಕ್ಯಾಸೆಟ್‌ಗೆ ಸಾಲುವಷ್ಟು ದುಡ್ಡು ಇಟ್ಟಿದ್ದರು. ಅವಳು ಪರೀಕ್ಷೆ ಮುಗಿಯುವವರೆಗೂ ಅಪ್ಪನೊಡನೆ ಮಾತು ಬಿಟ್ಟಳು.

ಪರೀಕ್ಷೆಯಲ್ಲಿ ಗೆದ್ದಳು. ಫುಜೌ ನಗರದ ಕಾಲೇಜಿಗೆ ಹೊರಡುವ ಹಿಂದಿನ ರಾತ್ರಿ, ಬಟ್ಟೆ ಮಡಿಸುತ್ತಾ ಅಮ್ಮ ಹೇಳಿದರು: ‘ನಿನಗೊಬ್ಬರು ದೊಡ್ಡಪ್ಪ ಇದ್ದಾರೆ. ಸತ್ತರು ಅಂತ ಹೇಳಿದ್ದು ಸುಳ್ಳು.’

1949ರಲ್ಲಿ ಸೋತು ಹಿಮ್ಮೆಟ್ಟುತ್ತಿದ್ದ ಸೈನ್ಯ ಬೀದಿಯಲ್ಲಿ ಸಿಕ್ಕ ಹುಡುಗರನ್ನು ಹಿಡಿದು ಹಡಗು ಹತ್ತಿಸಿತ್ತು. ಎಣ್ಣೆ ತರಲು ಹೋಗಿದ್ದ ದೊಡ್ಡಪ್ಪ ಮನೆಗೆ ಬರಲೇ ಇಲ್ಲ. ಆಗ ಅಪ್ಪನಿಗೆ ಹದಿನಾರು. ಆಮೇಲೆ ಸಾಂಸ್ಕೃತಿಕ ಕ್ರಾಂತಿಯ ವರ್ಷಗಳಲ್ಲಿ, ‘ನಿನ್ನಣ್ಣ ತೈವಾನ್‌ನಲ್ಲಿದ್ದಾನೆ, ನೀನು ಅವರ ಗೂಢಚಾರ’ ಎಂದು ವಿದ್ಯಾರ್ಥಿಗಳೇ ಅಪ್ಪನನ್ನು ವೇದಿಕೆಯ ಮೇಲೆ ತಲೆತಗ್ಗಿಸಿ ನಿಲ್ಲಿಸಿದರು. ಶತ್ರು ರೇಡಿಯೊ ಕೇಳಿದೆಯಾ ಎಂಬುದು ಅವರು ಮತ್ತೆ ಮತ್ತೆ ಕೇಳಿದ ಪ್ರಶ್ನೆ. ‘ಕಡಲಾಚೆಯ ದನಿ ಅಂದರೆ ಅವರಿಗೆ ಹಾಡಲ್ಲ ಕಣೇ’ ಎಂದರು ಅಮ್ಮ. ‘ಮಗಳ ಭವಿಷ್ಯ ಹೋಯಿತಲ್ಲಾ ಅನ್ನುವ ಭಯ.’

1983ರ ಶರತ್ಕಾಲದಲ್ಲಿ ಆ ಭಯ ಸುಳ್ಳಲ್ಲ ಎಂಬುದು ಅವಳಿಗೂ ತಿಳಿಯಿತು. ‘ಮಾನಸಿಕ ಮಾಲಿನ್ಯ’ದ ವಿರುದ್ಧ ಸರ್ಕಾರ ಚಳವಳಿ ಹೂಡಿತು. ಹಾಸ್ಟೆಲಿನಲ್ಲಿ ಟೆರೆಸಾ ಕ್ಯಾಸೆಟ್‌ಗಳಿಗಾಗಿ ತಪಾಸಣೆ ನಡೆಯಿತು. ಅವಳ ಬಳಿ ಇದ್ದುದು ಒಂದೇ ಒಂದು; ಇಂಗ್ಲಿಷ್ ಪಾಠದ ಕ್ಯಾಸೆಟ್ ಮೇಲೆ ಮಾಡಿಕೊಂಡ ನಕಲು. ಮೊದಲ ಐದು ನಿಮಿಷ ಪಾಠ, ಅನಂತರ ಹಾಡು. ತಪಾಸಣೆಗೆ ಬಂದವರು ಪಾಠ ಕೇಳಿ ಮುಂದೆ ಹೋದರು.

ಅದು ಟೆರೆಸಾಳ ಅದೇ ವರ್ಷದ ಧ್ವನಿಸುರುಳಿ. ಸಾಹಿತ್ಯವೆಲ್ಲ ಪ್ರಾಚೀನ ಚೀನೀ ಕವಿತೆಗಳು, ಸಂಗೀತ ಹೊಸದು. ವಸಂತ ಹಬ್ಬದ ರಜೆಗೆ ಮನೆಗೆ ಬಂದವಳು ಬಾಗಿಲು ಹಾಕಿಕೊಂಡು ಮೆಲ್ಲಗೆ ಹಚ್ಚಿದಳು. ‘ಮನುಷ್ಯರು ಬಹುಕಾಲ ಬಾಳಲಿ’ ಎಂಬ ಹಾರೈಕೆಯ ಹೆಸರಿನ ಹಾಡು ನಡೆಯುತ್ತಿತ್ತು. ಬಾಗಿಲಾಚೆ ಹೆಜ್ಜೆ ಸದ್ದು ಬಂದು ನಿಂತಿತು. ಅವಳು ಗುಂಡಿ ಒತ್ತಿದಳು.

‘ನಿಲ್ಲಿಸಬೇಡ’ ಎಂದರು ಅಪ್ಪ, ಹೊರಗಿನಿಂದಲೇ.

ಆ ಕವಿತೆ ಸು ಷಿ ಕವಿಯದು. 1076ರ ಶರತ್ಕಾಲದ ಹುಣ್ಣಿಮೆಯ ರಾತ್ರಿ, ಮೀಜೌ ಎಂಬಲ್ಲಿ ಅಧಿಕಾರಿಯಾಗಿದ್ದಾಗ, ವರ್ಷಗಳಿಂದ ಕಾಣದ ತಮ್ಮನನ್ನು ನೆನೆದು ಬರೆದದ್ದು. ಸೇರಲಾಗದಷ್ಟು ದೂರವಿದ್ದರೂ ನೋಡುವ ಚಂದ್ರ ಒಂದೇ ಎಂಬುದು ಅದರ ಭಾವ. ಅಪ್ಪ ಅದನ್ನು ತರಗತಿಯಲ್ಲಿ ಎಷ್ಟು ಸಲ ಪಾಠ ಮಾಡಿದ್ದರೋ ಲೆಕ್ಕವಿಲ್ಲ. ಒಳಗೆ ಬಂದು ಮಂಚದ ಅಂಚಿಗೆ ಕುಳಿತರು. ಹಾಡು ಮುಗಿದ ಮೇಲೆ ಮೇಷ್ಟ್ರ ಧಾಟಿಯಲ್ಲೇ ಹೇಳಿದರು: ‘ಎಲ್ಲಿ ಉಸಿರು ನಿಲ್ಲಿಸಬೇಕೋ ಅಲ್ಲೇ ನಿಲ್ಲಿಸುತ್ತಾಳೆ. ಅರ್ಥ ತಿಳಿದು ಹಾಡುವವಳು.’ ಸ್ವಲ್ಪ ಹೊತ್ತಿನ ನಂತರ, ‘ಇನ್ನೊಮ್ಮೆ ಹಾಕು’ ಎಂದರು. ಐದನೆಯ ನಕ್ಷತ್ರ ಬಿದ್ದದ್ದು ಅಂದು ರಾತ್ರಿ.

1987ರ ನವೆಂಬರಿನಲ್ಲಿ ತೈವಾನ್ ಸರ್ಕಾರ ಹಳೆಯ ಸೈನಿಕರಿಗೆ ಊರಿಗೆ ಹೋಗಿಬರಲು ಅನುಮತಿ ನೀಡಿತು. ಮರುವರ್ಷ ದೊಡ್ಡಪ್ಪ ಹಾಂಗ್‌ಕಾಂಗ್ ಸುತ್ತಿ ಬಂದರು. ಮೂವತ್ತೊಂಬತ್ತು ವರ್ಷಗಳ ಮೇಲೆ ಎದುರುಬದುರು ಕುಳಿತ ಅಣ್ಣತಮ್ಮಂದಿರಿಗೆ ಮಾತೇ ಹೊರಡಲಿಲ್ಲ. ಅರವತ್ತರ ದಶಕದಲ್ಲಿ ಎರಡು ವರ್ಷ ಕಿನ್‌ಮೆನ್‌ನಲ್ಲೇ ಕಾವಲಿದ್ದರಂತೆ ದೊಡ್ಡಪ್ಪ. ಮೋಡವಿಲ್ಲದ ದಿನ ಈ ಊರಿನ ಗುಡ್ಡ ಕಾಣುತ್ತಿತ್ತಂತೆ. ಅವರ ಚೀಲದಲ್ಲಿ ಕ್ಯಾಸೆಟ್‌ಗಳಿದ್ದವು. ಸೈನಿಕರೆದುರು ಹಾಡಿ ಹಾಡಿ ‘ಸೈನಿಕರ ಪ್ರಿಯತಮೆ’ ಎನಿಸಿಕೊಂಡಿದ್ದ ಟೆರೆಸಾಳವೇ. ನಾಲ್ಕನೆಯ ಹಾಡು ಆ ಮನೆಯಲ್ಲಿ ಮತ್ತೆ ಕೇಳಿಸಿತು. ಅಪ್ಪ ಎದ್ದು ಹೋಗಲಿಲ್ಲ.

1995ರ ಮೇ 8ರಂದು ಥಾಯ್ಲೆಂಡಿನ ಚಿಯಾಂಗ್ ಮಾಯ್ ನಗರದಲ್ಲಿ ಆಸ್ತಮಾ ಉಲ್ಬಣಿಸಿ ಟೆರೆಸಾ ತೀರಿಕೊಂಡಾಗ ವಯಸ್ಸು ಕೇವಲ 42. ಅಷ್ಟು ಹೊತ್ತಿಗೆ ಷಿಯಾಮೆನ್‌ನ ಹುಡುಗಿ ತಾನೂ ಶಿಕ್ಷಕಿ, ಮೂರು ವರ್ಷದ ಮಗಳ ತಾಯಿ.

ಆ ಮಗಳಿಗೆ ಹದಿನೈದಾದಾಗ ಕೋಣೆಯಿಂದ ಬರುತ್ತಿದ್ದದ್ದು ಜೇ ಚೌ ಎಂಬ ತೈವಾನೀ ಗಾಯಕನ ಹಾಡು. ಮಾತು ಬಾಯೊಳಗೇ ಉಳಿಯುವಂಥ ಗಾಯನ. ಪರೀಕ್ಷೆ ಹತ್ತಿರವಿತ್ತು. ‘ಅದನ್ನು ಆರಿಸಿ ಓದಿಕೋ’ ಎನ್ನಲು ಬಾಗಿಲವರೆಗೆ ಹೋದ ತಾಯಿಗೆ ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ ಬಂದಂತಾಯಿತು. ಬಾಗಿಲು ತಟ್ಟಿ ಒಳಗೆ ಹೋಗಿ, ‘ಅವನು ಏನು ಹೇಳುತ್ತಾನೆ? ನನಗೊಂದು ಅಕ್ಷರವೂ ತಿಳಿಯುವುದಿಲ್ಲ, ಓದಿ ಹೇಳು’ ಎಂದಳು. ಮಗಳು ಅನುಮಾನದಿಂದಲೇ ಓದಿ ಹೇಳಿದಳು. ಆಮೇಲೆ ಇಬ್ಬರೂ ಕೂಡಿ ಕೇಳಿದರು. ತಾಯಿಗೆ ಆ ಹಾಡು ಹಿಡಿಸಲಿಲ್ಲ. ಹಿಡಿಸಲಿಲ್ಲವೆಂದೇ ಹೇಳಿದಳು. ಮಗಳು ನಕ್ಕಳು, ಸದ್ದು ತಗ್ಗಿಸಿದಳು, ಪುಸ್ತಕ ತೆರೆದಳು.

ಕಿನ್‌ಮೆನ್‌ಗೆ 2001ರಲ್ಲಿ ಹಡಗು ಸಂಚಾರ ಆರಂಭವಾಯಿತು. ದಾಟಲು ಒಂದು ಗಂಟೆಯೂ ಬೇಡ. ಕೆಲವು ವರ್ಷಗಳ ನಂತರ ತಾಯಿಮಗಳು ಹೋಗಿ ಬೇಯ್‌ಷಾನ್‌ನ ಆ ಗೋಡೆಯ ಮುಂದೆ ನಿಂತರು. ಈಗದು ಪ್ರವಾಸಿ ತಾಣ. ಪ್ರವಾಸಿಗರಿಗೆಂದು ಅದೇ ದನಿಯನ್ನು ಹಾಕುತ್ತಾರೆ. ತಾಯಿ ಗೋಡೆಗೆ ಬೆನ್ನು ಮಾಡಿ ನಿಂತು, ನೀರಿನಾಚೆಯ ತನ್ನ ಊರನ್ನು ನೋಡುತ್ತಾ, ಅಪ್ಪ ಮುಚ್ಚುತ್ತಿದ್ದ ಕಿಟಕಿ ಯಾವ ದಿಕ್ಕಿಗಿತ್ತೆಂದು ಮಗಳಿಗೆ ಕೈಮಾಡಿ ತೋರಿಸಿದಳು.